ಹಳೆಯ ಆವೃತ್ತಿಯ ಸಣ್ಣ ದೋಷ: ತಿದ್ದಬೇಕೆ, ಬಿಡಬೇಕೆ?

೧. ವಿಷಯ ಪ್ರವೇಶ

ಅಧ್ಯಾಪಕರಿಗೆಲ್ಲ ಪರಿಚಿತವಾದ ಒಂದು ಸಂದರ್ಭದಿಂದ ಈ ಲೇಖನವನ್ನು ಆರಂಭಿಸುವುದು ಉಚಿತವೆಂದು ತೋರುತ್ತದೆ. ಪಠ್ಯಪುಸ್ತಕವೊಂದು ಅಚ್ಚಾಗಿ, ಶಾಲೆಗಳಿಗೆ ಹಂಚಿಕೆಯಾಗಿ, ಮಕ್ಕಳ ಕೈಸೇರಿದ ಮೇಲೆ ಅದರಲ್ಲಿ ಒಂದು ತಪ್ಪು ಕಣ್ಣಿಗೆ ಬೀಳುತ್ತದೆ. ತಪ್ಪು ಕಾಗುಣಿತದ್ದಾದರೆ ಉಪಾಧ್ಯಾಯರು ತರಗತಿಯಲ್ಲಿ ಬಾಯಿಮಾತಿನಿಂದಲೇ ತಿದ್ದಿಸಿ ಮುಂದೆ ಸಾಗುತ್ತಾರೆ. ಲೆಕ್ಕದ ಉತ್ತರವೇ ತಪ್ಪಾಗಿದ್ದರೆ ಪ್ರಕಾಶಕರು ಒಪ್ಪೋಲೆಯೊಂದನ್ನು ಅಚ್ಚುಹಾಕಿಸಿ ಕಳುಹಿಸುವುದುಂಟು. ಪುಟಗಳೇ ಅದಲುಬದಲಾಗಿದ್ದರೆ ಪುಸ್ತಕಗಳನ್ನು ಹಿಂದಕ್ಕೆ ತರಿಸಿಕೊಳ್ಳಬೇಕಾಗುತ್ತದೆ. ಉಳಿದ ತಪ್ಪುಗಳೆಲ್ಲ ಮುಂದಿನ ಮುದ್ರಣದವರೆಗೆ ಕಾಯುತ್ತವೆ. ಯಾವ ತಪ್ಪಿಗೆ ಯಾವ ಉಪಾಯವೆಂಬುದನ್ನು ಯಾರೋ ಒಬ್ಬರು, ಯಾವುದೋ ಒಂದು ಆಧಾರದ ಮೇಲೆ ನಿರ್ಣಯಿಸಲೇಬೇಕು.

ಇದೇ ಪ್ರಶ್ನೆ ಇಂದು ಗಣಕಯಂತ್ರದ ತಂತ್ರಾಂಶಗಳನ್ನು ಸಿದ್ಧಪಡಿಸಿ ಹಂಚುವವರ ಮುಂದೆಯೂ ದಿನನಿತ್ಯ ಬಂದು ನಿಲ್ಲುತ್ತದೆ. ಎರಡು ವರ್ಷಗಳ ಹಿಂದೆ ಬಿಡುಗಡೆಯಾಗಿ ಲಕ್ಷಾಂತರ ಯಂತ್ರಗಳಲ್ಲಿ ನೆಲೆಗೊಂಡಿರುವ ಒಂದು ಆವೃತ್ತಿಯಲ್ಲಿ ಸಣ್ಣ ದೋಷವೊಂದು ಪತ್ತೆಯಾಗಿದೆ. ಹೊಸ ಆವೃತ್ತಿಯಲ್ಲಿ ಅದನ್ನು ತಿದ್ದಿಯೂ ಆಗಿದೆ. ಹಳೆಯದರಲ್ಲಿಯೂ ತಿದ್ದಬೇಕೆ? ಈ ಶಾಲೆಯ ಹಳೆಯ ವಿದ್ಯಾರ್ಥಿಯಾದ ನನಗೆ ವೃತ್ತಿಯ ನಿಮಿತ್ತ ಈ ಪ್ರಶ್ನೆಯೊಡನೆ ಬಹುಕಾಲ ಒಡನಾಡುವ ಸಂದರ್ಭ ಒದಗಿತು. ಒಮ್ಮೆ ಒಂದು ಬಗೆಯಾಗಿ, ಇನ್ನೊಮ್ಮೆ ಇನ್ನೊಂದು ಬಗೆಯಾಗಿ ಎಡವಿದ್ದೂ ಉಂಟು. ಶಾಲೆಗಳಲ್ಲಿ ಗಣಕ ಕೊಠಡಿಗಳು ಸಾಮಾನ್ಯವಾಗಿರುವ ಈ ದಿನಗಳಲ್ಲಿ ಆ ಕೊಠಡಿಗಳನ್ನು ನಡೆಸುವ ಅಧ್ಯಾಪಕರಿಗೂ, ಅವುಗಳಿಗೆ ಯಂತ್ರಗಳನ್ನು ದಾನವಿತ್ತ ಮಹನೀಯರಿಗೂ ಈ ವಿಚಾರ ಪ್ರಯೋಜನಕರವಾದೀತೆಂಬ ನಂಬಿಕೆಯಿಂದ ಇದನ್ನು ಬರೆಯುತ್ತಿದ್ದೇನೆ.

೨. ಪ್ಯಾಕೇಜು ಎಂದರೇನು?

ಮೊದಲು ಪರಿಭಾಷೆಯನ್ನು ಸ್ಪಷ್ಟಪಡಿಸಿಕೊಳ್ಳೋಣ. ಲಿನಕ್ಸ್ ವರ್ಗದ ಕಾರ್ಯಾಚರಣ ವ್ಯವಸ್ಥೆಗಳಲ್ಲಿ ಪ್ರತಿಯೊಂದು ತಂತ್ರಾಂಶವೂ ಒಂದು ಪೊಟ್ಟಣದ ರೂಪದಲ್ಲಿ ಬರುತ್ತದೆ. ಇದನ್ನೇ ಪ್ಯಾಕೇಜು ಎನ್ನುತ್ತಾರೆ. ಪೊಟ್ಟಣದೊಳಗೆ ತಂತ್ರಾಂಶದ ಕಡತಗಳು ಇರುತ್ತವೆ. ಅವುಗಳೊಂದಿಗೆ ಒಂದು ಚೀಟಿಯೂ ಇರುತ್ತದೆ. ತಂತ್ರಾಂಶದ ಹೆಸರು, ಆವೃತ್ತಿಯ ಸಂಖ್ಯೆ, ಅದರ ಕಿರುವಿವರಣೆ, ಅದು ನಡೆಯಲು ಅವಶ್ಯವಾದ ಇತರ ಪ್ಯಾಕೇಜುಗಳ ಪಟ್ಟಿ ಇವೆಲ್ಲ ಆ ಚೀಟಿಯಲ್ಲಿ ನಮೂದಾಗಿರುತ್ತವೆ. ಸ್ಥಾಪನೆಗೆ ಮುಂಚೆ, ಸ್ಥಾಪನೆಯ ತರುವಾಯ, ತೆಗೆದುಹಾಕುವ ಮುಂಚೆ, ತೆಗೆದುಹಾಕಿದ ತರುವಾಯ ಯಂತ್ರವು ನಡೆಸಬೇಕಾದ ಕ್ರಿಯೆಗಳನ್ನು ತಿಳಿಸುವ ಸೂಚನೆಗಳೂ ಅಗತ್ಯಕ್ಕೆ ತಕ್ಕಂತೆ ಜೊತೆಗಿರುತ್ತವೆ.

ಔಷಧಿ ಉತ್ತಮವಾಗಿಯೇ ಇದ್ದು ಶೀಶೆಯ ಮೇಲಿನ ಚೀಟಿ ತಪ್ಪಾಗಿರುವ ಸಂದರ್ಭವನ್ನು ಊಹಿಸಿಕೊಂಡರೆ ಪ್ಯಾಕೇಜಿನ ದೋಷವೆಂದರೇನೆಂಬುದು ಅರ್ಥವಾಗುತ್ತದೆ. ತಂತ್ರಾಂಶವನ್ನು ರಚಿಸಿದವರ ಕೆಲಸ ಸರಿಯಾಗಿಯೇ ಇದೆ. ಅದನ್ನು ಕಟ್ಟಿಕೊಟ್ಟವರ ಕೆಲಸದಲ್ಲಿ ಲೋಪವಿದೆ. ವಿವರಣೆಯಲ್ಲಿ ಒಂದಕ್ಷರ ತಪ್ಪಿರಬಹುದು. ಅವಶ್ಯವಾದ ಇನ್ನೊಂದು ಪ್ಯಾಕೇಜಿನ ಹೆಸರು ಪಟ್ಟಿಯಲ್ಲಿ ಬಿಟ್ಟುಹೋಗಿರಬಹುದು. ಎರಡು ಪ್ಯಾಕೇಜುಗಳು ಒಂದೇ ಕಡತವನ್ನು ತಮ್ಮದೆಂದು ಸಾಧಿಸಲು ಹೊರಟು, ಎರಡನೆಯದರ ಸ್ಥಾಪನೆ ಅರ್ಧಕ್ಕೆ ನಿಲ್ಲಬಹುದು. ತೆಗೆದುಹಾಕಿದ ಮೇಲೂ ಒಂದೆರಡು ಕಡತಗಳು ಯಂತ್ರದಲ್ಲಿ ಉಳಿದುಬಿಡಬಹುದು. ಇವುಗಳಲ್ಲಿ ಹೆಚ್ಚಿನವು ಮೇಲ್ನೋಟಕ್ಕೆ ಅಲ್ಪವಾಗಿಯೇ ಕಾಣುತ್ತವೆ.

೩. ಸ್ಥಿರ ಆವೃತ್ತಿ ಮತ್ತು ಅದರ ಕಟ್ಟುಪಾಡುಗಳು

ಈ ವಿಷಯದಲ್ಲಿ ದೀರ್ಘಕಾಲದ ಅನುಭವವುಳ್ಳ ಒಂದು ಸಮುದಾಯವನ್ನು ಉದಾಹರಣೆಯಾಗಿ ತೆಗೆದುಕೊಳ್ಳುವುದು ಒಳ್ಳೆಯದು. ೧೯೯೩ರ ಆಗಸ್ಟ್ ತಿಂಗಳಿನಲ್ಲಿ ಇಯಾನ್ ಮರ್ಡಾಕ್ ಎಂಬವರು ಡೆಬಿಯನ್ ಎಂಬ ಕಾರ್ಯಾಚರಣ ವ್ಯವಸ್ಥೆಯ ಯೋಜನೆಯನ್ನು ಪ್ರಕಟಿಸಿದರು. ಅಂದಿನಿಂದ ಅದು ಜಗತ್ತಿನ ನಾನಾ ದೇಶಗಳ ಸ್ವಯಂಸೇವಕರ ಶ್ರಮದಿಂದ ಬೆಳೆದುಬಂದಿದೆ. ಅದರ ವಾರ್ಷಿಕ ಸಮ್ಮೇಳನವು ೨೦೨೩ರಲ್ಲಿ ನಮ್ಮ ನೆರೆಯ ಕೇರಳದ ಕೊಚ್ಚಿಯಲ್ಲಿ ಜರುಗಿತು. ಅದೇ ವರ್ಷ ಜೂನ್ ೧೦ರಂದು ಬಿಡುಗಡೆಯಾದ ಅದರ ಹನ್ನೆರಡನೆಯ ಆವೃತ್ತಿಯಲ್ಲಿ ೬೪ ಸಾವಿರಕ್ಕೂ ಹೆಚ್ಚು ಪ್ಯಾಕೇಜುಗಳಿದ್ದವು. ಕನ್ನಡ ಲಿಪಿಯ ಗುಬ್ಬಿ, ನವಿಲು ಮೊದಲಾದ ಅಕ್ಷರಶೈಲಿಗಳೂ ಅವುಗಳಲ್ಲಿ ಸೇರಿವೆ.

ಡೆಬಿಯನ್ ಸಮುದಾಯವು ಸುಮಾರು ಎರಡು ವರ್ಷಗಳಿಗೊಮ್ಮೆ ‘ಸ್ಥಿರ ಆವೃತ್ತಿ’ಯೊಂದನ್ನು ಹೊರತರುತ್ತದೆ. ಇಲ್ಲಿ ‘ಸ್ಥಿರ’ ಎಂಬ ಪದಕ್ಕೆ ದೋಷರಹಿತವೆಂಬ ಅರ್ಥವಿಲ್ಲ. ಬದಲಾಗದೆ ಇರುವಂಥದು ಎಂದಷ್ಟೇ ಅರ್ಥ. ನಿನ್ನೆ ಹೇಗೆ ನಡೆಯಿತೋ ನಾಳೆಯೂ ಹಾಗೆಯೇ ನಡೆಯುವುದೆಂಬ ಭರವಸೆಯೇ ಅದರ ಮುಖ್ಯ ಗುಣ. ಆಸ್ಪತ್ರೆಯಾಗಲಿ, ಕಚೇರಿಯಾಗಲಿ, ಶಾಲೆಯಾಗಲಿ ಅದನ್ನು ಆರಿಸಿಕೊಳ್ಳುವುದು ಈ ಭರವಸೆಗಾಗಿಯೇ.

ಬಳಕೆದಾರರು ವರದಿಮಾಡುವ ದೋಷಗಳನ್ನು ಡೆಬಿಯನ್ ಏಳು ದರ್ಜೆಗಳಾಗಿ ವಿಂಗಡಿಸುತ್ತದೆ. ಕ್ರಿಟಿಕಲ್, ಗ್ರೇವ್, ಸೀರಿಯಸ್ ಎಂಬ ಮೊದಲ ಮೂರು ಅತ್ಯಂತ ಗಂಭೀರವಾದವು. ಅವು ಇದ್ದಾಗ ಹೊಸ ಆವೃತ್ತಿಯ ಬಿಡುಗಡೆಗೇ ಅಡ್ಡಿಯುಂಟಾಗುತ್ತದೆ. ನಾಲ್ಕನೆಯದು ಇಂಪಾರ್ಟೆಂಟ್, ಅಂದರೆ ಮುಖ್ಯವಾದದ್ದು. ಐದನೆಯದು ನಾರ್ಮಲ್, ಸಾಮಾನ್ಯ. ಆರನೆಯದು ಮೈನರ್, ಅಲ್ಪ. ಕೊನೆಯದು ವಿಶ್‌ಲಿಸ್ಟ್, ಬರಿಯ ಅಪೇಕ್ಷೆ.

ಸ್ಥಿರ ಆವೃತ್ತಿಯಲ್ಲಿ ಏನನ್ನಾದರೂ ತಿದ್ದಬೇಕೆಂದು ಪ್ಯಾಕೇಜಿನ ಪಾಲಕನು ಬಯಸಿದರೆ ಬಿಡುಗಡೆಯ ಮೇಲ್ವಿಚಾರಣೆ ನೋಡುವ ಮಂಡಳಿಗೆ ವಿನಂತಿ ಸಲ್ಲಿಸಬೇಕು. ದೋಷವು ಸಾಮಾನ್ಯವಾಗಿ ‘ಮುಖ್ಯ’ ದರ್ಜೆಯದು ಅಥವಾ ಅದಕ್ಕಿಂತ ಮೇಲಿನದಾಗಿರಬೇಕು. ಅದನ್ನು ಮುಂದಿನ ಆವೃತ್ತಿಗಾಗಿ ಸಿದ್ಧವಾಗುತ್ತಿರುವ ಸಂಗ್ರಹದಲ್ಲಿ ಮೊದಲೇ ತಿದ್ದಿರಬೇಕು. ಇಲ್ಲದಿದ್ದರೆ ಹಳೆಯದರಲ್ಲಿ ಹೋದ ದೋಷ ಹೊಸದರಲ್ಲಿ ಮತ್ತೆ ತಲೆಯೆತ್ತುತ್ತದೆ. ತಿದ್ದುಪಡಿಯು ಆದಷ್ಟು ಕಿರಿದಾಗಿರಬೇಕು. ಹಳೆಯದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸವನ್ನು ಸಾಲುಸಾಲಾಗಿ ತೋರಿಸಿ ಮಂಡಳಿಯ ಮುಂದಿಡಬೇಕು. ಹಳೆಯ ಆವೃತ್ತಿಯ ವಾತಾವರಣದಲ್ಲಿಯೇ ಅದನ್ನು ಕಟ್ಟಿರಬೇಕು. ಹೀಗೆ ಒಪ್ಪಿಗೆ ಪಡೆದ ತಿದ್ದುಪಡಿಗಳನ್ನು ಒಟ್ಟುಗೂಡಿಸಿ ಕೆಲವು ತಿಂಗಳಿಗೊಮ್ಮೆ ಬಿಡುಗಡೆ ಮಾಡುತ್ತಾರೆ. ಸುರಕ್ಷತೆಗೆ ಸಂಬಂಧಿಸಿದ ತುರ್ತು ದೋಷಗಳಿಗೆ ಬೇರೆಯೇ ದಾರಿಯಿದೆ.

ಡೆಬಿಯನ್ನನ್ನೇ ಆಧಾರವಾಗಿಟ್ಟುಕೊಂಡು ೨೦೦೪ರ ಅಕ್ಟೋಬರಿನಲ್ಲಿ ಮೊದಲು ಹೊರಬಂದ ಉಬುಂಟು ಎಂಬ ವ್ಯವಸ್ಥೆಯಲ್ಲಿಯೂ ಇಂಥದೇ ನಿಯಮಗಳಿವೆ. ದೋಷದಿಂದ ಬಳಕೆದಾರನಿಗಾಗುವ ಬಾಧೆಯೇನು, ತಿದ್ದುಪಡಿ ಸರಿಯಾಗಿದೆಯೆಂದು ಪರೀಕ್ಷಿಸುವ ಬಗೆಯೇನು, ತಿದ್ದುಪಡಿಯಿಂದಲೇ ಎಲ್ಲೆಲ್ಲಿ ತೊಂದರೆ ಹುಟ್ಟಬಹುದು ಎಂಬ ಮೂರು ಪ್ರಶ್ನೆಗಳಿಗೆ ಪಾಲಕನು ಲಿಖಿತ ಉತ್ತರ ಕೊಡಬೇಕು. ಸಿದ್ಧವಾದ ಪ್ಯಾಕೇಜನ್ನು ಸಾಮಾನ್ಯವಾಗಿ ಕನಿಷ್ಠ ಏಳು ದಿನ ಪರೀಕ್ಷಾ ಸಂಗ್ರಹದಲ್ಲಿ ಇಡುತ್ತಾರೆ. ಆಮೇಲೂ ಎಲ್ಲರಿಗೂ ಒಮ್ಮೆಲೇ ಕೊಡದೆ, ಮೊದಲು ಕೆಲವರಿಗೆ, ತೊಂದರೆಯ ವರದಿ ಬಾರದಿದ್ದರೆ ಕ್ರಮೇಣ ಉಳಿದವರಿಗೆ ತಲುಪಿಸುತ್ತಾರೆ. ಮೂರನೆಯ ಪ್ರಶ್ನೆಯನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. ತಿದ್ದುವವನು ತನ್ನ ತಿದ್ದುಪಡಿಯನ್ನೇ ಸಂಶಯದಿಂದ ನೋಡಬೇಕೆಂಬ ವಿಧಿ ಅದರಲ್ಲಿದೆ.

೪. ತಿದ್ದುವುದರ ಬೆಲೆ

ತಪ್ಪು ಕಂಡಮೇಲೆ ತಿದ್ದಲು ಇಷ್ಟೆಲ್ಲ ಕಟ್ಟಳೆಗಳೇಕೆ ಎಂಬ ಶಂಕೆ ಸಹಜವಾದದ್ದು. ಕಾಗದದ ಮೇಲಿನ ಅಕ್ಷರವನ್ನು ತಿದ್ದಿದರೆ ಅದೊಂದೇ ಅಕ್ಷರ ಬದಲಾಗುತ್ತದೆ. ಪ್ಯಾಕೇಜಿನಲ್ಲಿ ಹಾಗಾಗುವುದಿಲ್ಲವೆಂಬುದನ್ನು ಮೂರು ನಿದರ್ಶನಗಳಿಂದ ವಿವರಿಸಬಹುದು.

ಮೊದಲನೆಯದು ವಿವರಣೆಯ ಕಾಗುಣಿತ. ಡೆಬಿಯನ್ ಪ್ಯಾಕೇಜುಗಳ ಇಂಗ್ಲಿಷ್ ವಿವರಣೆಗಳನ್ನು ಸ್ವಯಂಸೇವಕರು ಇತರ ಭಾಷೆಗಳಿಗೆ ಅನುವಾದಿಸುತ್ತಾರೆ. ಮೂಲ ವಿವರಣೆಯ ಪಠ್ಯದಿಂದ ಲೆಕ್ಕಹಾಕಿ ಪಡೆದ ಒಂದು ಗುರುತಿನ ಮೂಲಕ ಯಾವ ಅನುವಾದ ಯಾವ ವಿವರಣೆಯದೆಂಬುದನ್ನು ಯಂತ್ರವು ತಿಳಿಯುತ್ತದೆ. ಮೂಲದಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಗುರುತು ಬದಲಾಗುತ್ತದೆ. ಹಿಂದಿನ ಅನುವಾದಗಳು ಅದಕ್ಕೆ ಹೊಂದದೆ ಹೋಗುತ್ತವೆ. ಇಂಗ್ಲಿಷ್ ಓದುಗನ ಕಣ್ಣಿಗೆ ಚುಚ್ಚುವ ಒಂದಕ್ಷರವನ್ನು ತಿದ್ದುವ ಭರದಲ್ಲಿ, ಇತರ ಭಾಷೆಯವರಿಗೆ ದೊರಕಿದ್ದ ಸಂಪೂರ್ಣ ವಿವರಣೆಯೇ ಕಣ್ಮರೆಯಾಗಬಹುದು.

ಎರಡನೆಯದು ಸಂರಚನೆಯ ಕಡತ. ತಂತ್ರಾಂಶವು ಹೇಗೆ ವರ್ತಿಸಬೇಕೆಂಬ ಸೂಚನೆಗಳುಳ್ಳ ಈ ಕಡತವನ್ನು ಪ್ರತಿಯೊಂದು ಸಂಸ್ಥೆಯೂ ತನ್ನ ಅಗತ್ಯಕ್ಕೆ ತಕ್ಕಂತೆ ಮಾರ್ಪಡಿಸಿಕೊಂಡಿರುತ್ತದೆ. ಪಾಲಕನು ಅದರ ಟಿಪ್ಪಣಿಯಲ್ಲಿದ್ದ ಒಂದು ಕಾಗುಣಿತದೋಷವನ್ನು ತಿದ್ದಿ ಹೊಸ ಪ್ಯಾಕೇಜು ಕಳುಹಿಸಿದನೆನ್ನಿ. ಕಡತವನ್ನು ಮಾರ್ಪಡಿಸಿಕೊಂಡಿದ್ದ ಪ್ರತಿಯೊಂದು ಯಂತ್ರವೂ ಆಗ ನಿಂತು ಕೇಳುತ್ತದೆ: ನಿಮ್ಮ ಕಡತವನ್ನು ಉಳಿಸಿಕೊಳ್ಳಲೇ, ಪಾಲಕನ ಹೊಸ ಕಡತವನ್ನು ಇರಿಸಲೇ? ಉತ್ತರ ತಿಳಿಯದವನು ಗಾಬರಿಯಾಗುತ್ತಾನೆ. ತಪ್ಪು ಉತ್ತರ ಕೊಟ್ಟವನು ತನ್ನ ಮಾರ್ಪಾಡುಗಳನ್ನು ಬದಿಗೆ ಸರಿಸಿಬಿಡುತ್ತಾನೆ.

ಮೂರನೆಯದು ಸಾಗಣೆಯ ಭಾರ. ಒಂದು ಪ್ಯಾಕೇಜಿನ ಗಾತ್ರ ೫೦ ಮೆಗಾಬೈಟ್ ಎಂದಿಟ್ಟುಕೊಳ್ಳೋಣ. ಅದರ ಚೀಟಿಯಲ್ಲಿ ಒಂದು ಸಾಲು ಬದಲಾದರೂ ಸಾಮಾನ್ಯವಾಗಿ ಪೊಟ್ಟಣವನ್ನು ಪೂರ್ತಿಯಾಗಿಯೇ ಇಳಿಸಿಕೊಳ್ಳಬೇಕಾಗುತ್ತದೆ. ೨೦ ಯಂತ್ರಗಳಿರುವ ಒಂದು ಶಾಲೆಯಲ್ಲಿ ಪ್ರತಿಯೊಂದೂ ಪ್ರತ್ಯೇಕವಾಗಿ ಇಳಿಸಿಕೊಂಡರೆ ೧೦೦೦ ಮೆಗಾಬೈಟ್ ಆಯಿತು. ಪಟ್ಟಣದಲ್ಲಿರುವವರಿಗೆ ಇದೇನೂ ಲೆಕ್ಕಕ್ಕಿಲ್ಲ. ಅಂತರ್ಜಾಲ ಸಂಪರ್ಕ ಮಂದವಾಗಿರುವ ಊರಿನಲ್ಲಿ ಇಡೀ ಒಂದು ಮಧ್ಯಾಹ್ನ ಇದಕ್ಕೇ ಕಳೆದುಹೋಗುತ್ತದೆ.

೫. ಎರಡು ಸಾಲುಗಳ ಕಥೆ

ಸಣ್ಣ ಬದಲಾವಣೆಯ ಪರಿಣಾಮ ಸಣ್ಣದಾಗಿಯೇ ಇರುವುದೆಂಬ ಭ್ರಮೆಯನ್ನು ನಿವಾರಿಸಲು ಡೆಬಿಯನ್ನಿನ ಇತಿಹಾಸದಲ್ಲಿಯೇ ಒಂದು ಪ್ರಸಿದ್ಧ ಪ್ರಕರಣವಿದೆ. ಅಂತರ್ಜಾಲದ ಗೋಪ್ಯ ವ್ಯವಹಾರಗಳಿಗೆ ಆಧಾರವಾದ ಓಪನ್‌ಎಸ್‌ಎಸ್‌ಎಲ್ ಎಂಬ ತಂತ್ರಾಂಶವನ್ನು ಪರಿಶೀಲನಾ ಉಪಕರಣವೊಂದರಿಂದ ಪರೀಕ್ಷಿಸಿದಾಗ, ಬೆಲೆಯನ್ನು ನಿಗದಿಪಡಿಸದ ಸ್ಮೃತಿಭಾಗವನ್ನು ಅದು ಬಳಸುತ್ತಿದೆಯೆಂಬ ಎಚ್ಚರಿಕೆ ಬರುತ್ತಿತ್ತು. ಆ ಎಚ್ಚರಿಕೆಯನ್ನು ನಿವಾರಿಸಲು ೨೦೦೬ರಲ್ಲಿ ಡೆಬಿಯನ್ನಿನ ಪ್ಯಾಕೇಜಿನಲ್ಲಿ ಎರಡು ಸಾಲುಗಳನ್ನು ನಿಷ್ಕ್ರಿಯಗೊಳಿಸಲಾಯಿತು. ಉದ್ದೇಶ ಸದುದ್ದೇಶವೇ. ಆದರೆ ಅವುಗಳಲ್ಲಿ ಒಂದು ಸಾಲು, ಗೋಪ್ಯ ಕೀಲಿಗಳನ್ನು ರಚಿಸಲು ಬೇಕಾದ ಯಾದೃಚ್ಛಿಕ ಸಂಖ್ಯೆಗಳಿಗೆ ಬೀಜವನ್ನು ಒದಗಿಸುತ್ತಿತ್ತು. ಅದು ಇಲ್ಲವಾದಮೇಲೆ ವ್ಯತ್ಯಾಸವಾಗುತ್ತಿದ್ದ ಅಂಶವೆಂದರೆ ಯಂತ್ರವು ಪ್ರತಿ ಕ್ರಿಯೆಗೆ ಕೊಡುವ ಕ್ರಮಸಂಖ್ಯೆಯೊಂದೇ. ಅದಕ್ಕೆ ಸಾಮಾನ್ಯವಾಗಿ ೩೨,೭೬೮ ಬೆಲೆಗಳಷ್ಟೇ ಸಾಧ್ಯ. ಯಾರೂ ಊಹಿಸಲಾಗದಂತಿರಬೇಕಾದ ಕೀಲಿಗಳು ಎಣಿಸಿ ಪಟ್ಟಿಮಾಡಬಹುದಾದಷ್ಟು ಅಲ್ಪಸಂಖ್ಯೆಗೆ ಇಳಿದವು.

ಈ ದೋಷವು ೨೦೦೮ರ ಮೇ ೧೩ರಂದು ಬಹಿರಂಗವಾಯಿತು. ಅಷ್ಟರಲ್ಲಿ ೨೦೦೭ರ ಏಪ್ರಿಲಿನಲ್ಲಿ ಬಿಡುಗಡೆಯಾದ ಸ್ಥಿರ ಆವೃತ್ತಿಯೊಳಗೂ ಅದು ಸೇರಿಹೋಗಿತ್ತು. ಡೆಬಿಯನ್ನಿನಿಂದ ಹುಟ್ಟಿದ ಉಬುಂಟುವಿಗೂ ವ್ಯಾಪಿಸಿತ್ತು. ತಿದ್ದಿದ ಪ್ಯಾಕೇಜನ್ನು ಕೂಡಲೇ ಕೊಟ್ಟರೂ ಕಾರ್ಯ ಮುಗಿಯಲಿಲ್ಲ. ಆ ಅವಧಿಯಲ್ಲಿ ರಚಿತವಾಗಿ ಬೇರೆ ಬೇರೆ ಯಂತ್ರಗಳಿಗೆ ಹಂಚಿಹೋಗಿದ್ದ ಕೀಲಿಗಳನ್ನೆಲ್ಲ ಹುಡುಕಿ, ರದ್ದುಪಡಿಸಿ, ಹೊಸದಾಗಿ ರಚಿಸಬೇಕಾಯಿತು.

ಈ ಪ್ರಕರಣದಲ್ಲಿ ಬದಲಾವಣೆ ನಡೆದದ್ದು ಮುಂದಿನ ಆವೃತ್ತಿಗಾಗಿ ಸಿದ್ಧವಾಗುತ್ತಿದ್ದ ಸಂಗ್ರಹದಲ್ಲಿ ಎಂಬುದನ್ನು ಮರೆಯಬಾರದು. ಅನೇಕರು ಬಳಸಿ ನೋಡುವ ಅವಕಾಶವಿದ್ದ ಕಡೆಯಲ್ಲಿಯೇ ಅದು ಸುಮಾರು ಒಂದೂವರೆ ವರ್ಷಕ್ಕೂ ಹೆಚ್ಚುಕಾಲ ಯಾರ ಗಮನಕ್ಕೂ ಬರಲಿಲ್ಲ. ಅಂಥ ಬದಲಾವಣೆಯನ್ನು ಪರೀಕ್ಷೆಗೆ ಅಷ್ಟು ಅವಕಾಶವಿಲ್ಲದ ಸ್ಥಿರ ಆವೃತ್ತಿಗೆ ನೇರವಾಗಿ ಸೇರಿಸುವುದು ಇನ್ನೂ ಅಪಾಯಕರ. ಹಳೆಯ ಆವೃತ್ತಿಯನ್ನು ಮುಟ್ಟಲು ಮಂಡಳಿಗಳು ಹಿಂಜರಿಯುವುದಕ್ಕೆ ಇಂಥ ಅನುಭವಗಳೇ ಕಾರಣ.

೬. ತಿದ್ದದಿರುವುದರ ಬೆಲೆ

ಇಷ್ಟನ್ನು ಓದಿದವರು, ಹಾಗಾದರೆ ಸಣ್ಣ ದೋಷಗಳನ್ನು ಹಳೆಯ ಆವೃತ್ತಿಯಲ್ಲಿ ಹಾಗೆಯೇ ಬಿಡುವುದೇ ಲೇಸೆಂಬ ನಿರ್ಣಯಕ್ಕೆ ಬರಬಹುದು. ನಾನೂ ಒಂದು ಕಾಲಕ್ಕೆ ಹಾಗೆಯೇ ಭಾವಿಸಿದ್ದೆ. ಆ ಭಾವನೆ ಬದಲಾದ ಸಂದರ್ಭವನ್ನು ಇಲ್ಲಿ ನಿವೇದಿಸಬೇಕು.

ಕೆಲವು ವರ್ಷಗಳ ಹಿಂದೆ ಗ್ರಾಮಾಂತರ ಶಾಲೆಗಳಿಗಾಗಿ ಒಂದು ಚಿಕ್ಕ ಪ್ಯಾಕೇಜು ಸಂಗ್ರಹವನ್ನು ನಾನು ನೋಡಿಕೊಳ್ಳುತ್ತಿದ್ದೆ. ಅದರಲ್ಲಿ ರೇಖಾಗಣಿತದ ಆಕೃತಿಗಳನ್ನು ಬಿಡಿಸಿ ಕನ್ನಡದಲ್ಲಿ ಹೆಸರು ಬರೆಯುವ ತಂತ್ರಾಂಶವೊಂದಿತ್ತು. ಅದರ ಚೀಟಿಯಲ್ಲಿ ಕನ್ನಡ ಅಕ್ಷರಶೈಲಿಯ ಪ್ಯಾಕೇಜನ್ನು ಅವಶ್ಯಕವೆಂದು ನಮೂದಿಸಲು ನಾನು ಮರೆತಿದ್ದೆ. ನನ್ನ ಯಂತ್ರದಲ್ಲಿ ಕನ್ನಡದ ಅಕ್ಷರಶೈಲಿಗಳು ಮೊದಲೇ ಇದ್ದುದರಿಂದ ತಪ್ಪು ನನಗೆ ಕಾಣಿಸಲೇ ಇಲ್ಲ. ಯಾರೋ ತಿಳಿಸಿದ ಮೇಲೆ ಹೊಸ ಆವೃತ್ತಿಯಲ್ಲಿ ಒಂದು ಸಾಲು ಸೇರಿಸಿದೆ. ಹಳೆಯ ಆವೃತ್ತಿಯ ಮಟ್ಟಿಗೆ, ‘ಅಲ್ಪ ದೋಷ, ಅಕ್ಷರಶೈಲಿಯನ್ನು ಪ್ರತ್ಯೇಕವಾಗಿ ಸ್ಥಾಪಿಸಿಕೊಂಡರೆ ಸರಿಹೋಗುತ್ತದೆ’ ಎಂದು ಬರೆದು ಕಡತವನ್ನು ಮುಚ್ಚಿದೆ.

ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ದಾನಿಗಳು ಕೊಟ್ಟ ಹನ್ನೆರಡು ಹಳೆಯ ಯಂತ್ರಗಳಿದ್ದವು. ಹೊಸ ಆವೃತ್ತಿಯನ್ನು ತಾಳುವ ಶಕ್ತಿ ಅವುಗಳಿಗಿರಲಿಲ್ಲ. ಕೊಠಡಿಯಲ್ಲಿ ಅಂತರ್ಜಾಲವೂ ಇರಲಿಲ್ಲ. ಗಣಿತದ ಉಪಾಧ್ಯಾಯರು ತಾಲ್ಲೂಕು ಕೇಂದ್ರದಿಂದ ಪೆನ್‌ಡ್ರೈವಿನಲ್ಲಿ ತಂತ್ರಾಂಶಗಳನ್ನು ತರುತ್ತಿದ್ದರು. ನನ್ನ ಪ್ಯಾಕೇಜನ್ನು ಸ್ಥಾಪಿಸಿದಾಗ ಪರದೆಯ ಮೇಲೆ ಕನ್ನಡದ ಬದಲು ಬರಿಯ ಚೌಕಗಳು ಮೂಡಿದವು. ಅಕ್ಷರಶೈಲಿಯೊಂದು ಕಡಮೆಯಾಗಿದೆಯೆಂದು ಅವರು ತಿಳಿಯುವುದಾದರೂ ಹೇಗೆ? ನಾನು ಬರೆದಿಟ್ಟ ಪರಿಹಾರ ಅವರ ಕಣ್ಣಿಗೆ ಬೀಳುವ ಸಂಭವವೇ ಇರಲಿಲ್ಲ. ಯಂತ್ರಗಳಿಗೆ ಏನೋ ಕೆಟ್ಟ ಸೋಂಕು ತಗುಲಿದೆಯೆಂದು ಭಾವಿಸಿ ಅವರು ಎಲ್ಲವನ್ನೂ ಅಳಿಸಿ ಮೊದಲಿನಿಂದ ಸ್ಥಾಪಿಸಿದರು. ಅದರೊಂದಿಗೆ ಮಕ್ಕಳು ವರ್ಷವೆಲ್ಲ ಮಾಡಿ ಇಟ್ಟುಕೊಂಡಿದ್ದ ಚಿತ್ರಗಳೂ ಬರಹಗಳೂ ಅಳಿಸಿಹೋದವು. ಮರುಸ್ಥಾಪನೆಯಾದ ಮೇಲೆಯೂ ಅವೇ ಚೌಕಗಳು! ಕೊನೆಗೆ ಹೇಗೋ ನನ್ನ ದೂರವಾಣಿ ಸಂಖ್ಯೆಯನ್ನು ಪತ್ತೆಹಚ್ಚಿ ಮಾತನಾಡಿಸಿದರು. ನಾನು ಇದು ಒಂದೇ ಸಾಲಿನ ಲೋಪವೆಂದು ಸಮಜಾಯಿಷಿ ಹೇಳತೊಡಗಿದಾಗ ಅವರು ಮೆಲ್ಲಗೆ, “ಇರಬಹುದು ಸರ್. ಆದರೆ ಮಕ್ಕಳಿಗೆ ನಾನು ಏನು ಹೇಳಲಿ?” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಕಥೆ ಇಲ್ಲಿಗೇ ಮುಗಿಯಲಿಲ್ಲ. ನೊಂದ ಮನಸ್ಸಿನಿಂದ ಅಂದೇ ಹಳೆಯ ಆವೃತ್ತಿಗಾಗಿ ತಿದ್ದಿದ ಪ್ಯಾಕೇಜನ್ನು ಸಿದ್ಧಪಡಿಸಿದೆ. ಹೇಗೂ ತಿದ್ದುತ್ತಿರುವೆನಲ್ಲ ಎಂದು ಬಹುದಿನಗಳಿಂದ ಬಾಕಿಯಿದ್ದ ಇನ್ನೆರಡು ತಿದ್ದುಪಡಿಗಳನ್ನೂ ಸೇರಿಸಿದೆ. ಅವುಗಳಲ್ಲಿ ಒಂದು, ಸಂರಚನೆಯ ಕಡತದ ಟಿಪ್ಪಣಿಗೆ ಸಂಬಂಧಿಸಿತ್ತು. ಇನ್ನೊಂದು ಶಾಲೆಯವರು ಆ ಕಡತವನ್ನು ಮಾರ್ಪಡಿಸಿ, ಮಕ್ಕಳ ಕೆಲಸಗಳೆಲ್ಲ ಒಂದೇ ಕಡೆ ಸಂಗ್ರಹವಾಗುವಂತೆ ಏರ್ಪಡಿಸಿಕೊಂಡಿದ್ದರು. ಹೊಸ ಪ್ಯಾಕೇಜು ಅವರ ಪ್ರತಿಯೊಂದು ಯಂತ್ರದಲ್ಲಿಯೂ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿತು; ವಿದ್ಯಾರ್ಥಿಗಳು ತಿಳಿದಂತೆ ಉತ್ತರಿಸಿದರು; ಏರ್ಪಾಡು ಕೆಟ್ಟಿತು. ಮೊದಲನೆಯ ಶಾಲೆಗೆ ತಿದ್ದದೆ ಇದ್ದುದರಿಂದ ಹಾನಿಯಾಯಿತು. ಎರಡನೆಯ ಶಾಲೆಗೆ ಅಗತ್ಯಕ್ಕಿಂತ ಹೆಚ್ಚು ತಿದ್ದಿದ್ದರಿಂದ ಹಾನಿಯಾಯಿತು. ಎರಡಕ್ಕೂ ಕಾರಣನು ನಾನೇ.

ಹೊಸ ಆವೃತ್ತಿಗೆ ಬಂದರೆ ದೋಷ ತಾನಾಗಿ ಪರಿಹಾರವಾಗುತ್ತದೆಂಬ ಉತ್ತರವನ್ನು ಪಾಲಕರು ಮೇಲಿಂದ ಮೇಲೆ ಕೊಡುತ್ತಾರೆ. ಎಲ್ಲರಿಗೂ ಆ ದಾರಿ ತೆರೆದಿರುವುದಿಲ್ಲ. ೨೦೨೫ರ ಆಗಸ್ಟ್ ೯ರಂದು ಡೆಬಿಯನ್ನಿನ ಹದಿಮೂರನೆಯ ಆವೃತ್ತಿ ಬಿಡುಗಡೆಯಾದಾಗ, ಇಂಟೆಲ್ ವರ್ಗದ ಹಳೆಯ ೩೨ ಬಿಟ್ ಯಂತ್ರಗಳಿಗೆ ಅದರಲ್ಲಿ ಅಧಿಕೃತ ಸ್ಥಾಪಕವನ್ನಾಗಲಿ ತಿರುಳನ್ನಾಗಲಿ ಕೊಡಲಿಲ್ಲ. ಉಬುಂಟು ಆ ವರ್ಗದ ಯಂತ್ರಗಳನ್ನು ೨೦೧೯ರಲ್ಲಿಯೇ ಕೈಬಿಟ್ಟಿತ್ತು. ಈ ನಿರ್ಧಾರಗಳಿಗೆ ಸಕಾರಣಗಳಿವೆ. ಅಂಥ ಯಂತ್ರಗಳು ವರ್ಷೇವರ್ಷೇ ವಿರಳವಾಗುತ್ತಿವೆ. ಆದರೆ ದಾನವಾಗಿ ಬಂದ ಹಳೆಯ ಯಂತ್ರಗಳಿಂದಲೇ ಪಾಠ ನಡೆಸುವ ಶಾಲೆಗಳಿಗೆ ಹಳೆಯ ಆವೃತ್ತಿಯೇ ಕೊನೆಯ ನಿಲ್ದಾಣವೆಂಬುದನ್ನು ನಿರ್ಣಯಿಸುವವರು ನೆನಪಿಡಬೇಕು.

೭. ನಿರ್ಣಯದ ಕ್ರಮ

ಮೇಲಿನ ಅನುಭವಗಳಿಂದ ನಾನು ಕಲಿತು, ಅನಂತರ ನನ್ನ ಕೆಲಸದಲ್ಲಿ ಅನುಸರಿಸಿಕೊಂಡು ಬಂದ ಐದು ಪ್ರಶ್ನೆಗಳನ್ನು ಇಲ್ಲಿ ಕ್ರಮವಾಗಿ ಇಡುತ್ತೇನೆ.

(ಅ) ಬಾಧೆ ಯಾರಿಗೆ? ದೋಷವನ್ನು ವರದಿಮಾಡಿದವರ ಸಂಖ್ಯೆಯೊಂದರಿಂದಲೇ ಇದನ್ನು ತಿಳಿಯಲಾಗದು. ವರದಿ ಮಾಡಬಲ್ಲವನು ಬಹುಮಟ್ಟಿಗೆ ತಾನೇ ಪರಿಹಾರ ಕಂಡುಕೊಳ್ಳಬಲ್ಲವನೂ ಆಗಿರುತ್ತಾನೆ. ಬಿಟ್ಟುಹೋದ ಅವಲಂಬನೆಯಂಥ ದೋಷಗಳು ಸುಸಜ್ಜಿತ ಯಂತ್ರಗಳಲ್ಲಿ ಮರೆಯಾಗಿ, ಕನಿಷ್ಠ ಸೌಕರ್ಯದ ಯಂತ್ರಗಳಲ್ಲಿಯೇ ಕಾಣಿಸಿಕೊಳ್ಳುತ್ತವೆ.

(ಆ) ತಾತ್ಕಾಲಿಕ ಪರಿಹಾರವುಂಟೆ? ಉಂಟಾದರೆ, ಬಾಧೆಗೊಳಗಾದವನಿಗೆ ಅದು ತಿಳಿಯುವ ಮಾರ್ಗವೂ ಉಂಟೆ? ಎರಡನೆಯದಕ್ಕೆ ಇಲ್ಲವೆಂಬ ಉತ್ತರ ಬಂದರೆ ಮೊದಲನೆಯದು ಇದ್ದೂ ಇಲ್ಲದಂತೆಯೇ.

(ಇ) ದೋಷವು ಮುಂದಿನ ದಾರಿಗೆ ಅಡ್ಡವಾಗುತ್ತದೆಯೆ? ಸ್ಥಾಪನೆ, ತೆಗೆದುಹಾಕುವಿಕೆ, ಹೊಸ ಆವೃತ್ತಿಗೆ ಏರುವಿಕೆ ಇವುಗಳಲ್ಲಿ ಯಾವುದನ್ನಾದರೂ ತಡೆಯುವ ದೋಷ, ಎಷ್ಟೇ ಕಿರಿದಾಗಿ ಕಂಡರೂ ಅಲ್ಪವಲ್ಲ. ತೆಗೆದುಹಾಕುವ ಸೂಚನೆಗಳು ಮೊದಲೇ ಬಳಕೆದಾರನ ಯಂತ್ರದಲ್ಲಿ ಕುಳಿತಿರುತ್ತವೆ; ಹೊಸ ಆವೃತ್ತಿಯಲ್ಲಿ ತಿದ್ದಿದ ಮಾತ್ರಕ್ಕೆ ಹಳೆಯ ಆವೃತ್ತಿಯಲ್ಲಿಯೇ ಉಳಿದವನಿಗೆ ಪ್ರಯೋಜನವಾಗದು.

(ಈ) ದೋಷದಿಂದ ಬಾಧೆಗೊಳಗಾಗದವರ ಮೇಲೆ ತಿದ್ದುಪಡಿ ಯಾವ ಭಾರ ಹೊರಿಸುತ್ತದೆ? ಇಳಿಸಿಕೊಳ್ಳುವ ಗಾತ್ರ, ಎದುರಾಗುವ ಪ್ರಶ್ನೆಗಳು, ನಿಂತು ಮತ್ತೆ ಆರಂಭವಾಗುವ ಸೇವೆಗಳು, ಕೆಡುವ ಅನುವಾದಗಳು ಇವೆಲ್ಲ ಈ ಲೆಕ್ಕಕ್ಕೆ ಸೇರಬೇಕು.

(ಉ) ಹಳೆಯ ಆವೃತ್ತಿಯಲ್ಲಿಯೇ ಪರೀಕ್ಷಿಸಿ ನೋಡಲು ಸಾಧ್ಯವೆ? ಹೊಸದರಲ್ಲಿ ಸರಿಹೋದದ್ದು ಹಳೆಯದರಲ್ಲಿಯೂ ಸರಿಹೋಗುವುದೆಂಬ ನಿಯಮವಿಲ್ಲ. ಏನನ್ನೂ ಸೇರಿಸದ ಬರಿಯ ಸ್ಥಾಪನೆಯಿಂದ ಆರಂಭಿಸಿ ನೋಡಬೇಕು. ಹಾಗೆ ನೋಡುವಷ್ಟು ವ್ಯವಧಾನವಿಲ್ಲದಿದ್ದರೆ ಆ ತಿದ್ದುಪಡಿಯನ್ನು ಕೈಗೆತ್ತಿಕೊಳ್ಳಬಾರದು.

ಈ ಐದಕ್ಕೂ ಉತ್ತರ ದೊರೆತ ಮೇಲೆ ಮೂರು ನಿರ್ಣಯಗಳಲ್ಲಿ ಒಂದು ತಾನಾಗಿ ಸ್ಪಷ್ಟವಾಗುತ್ತದೆ. ಬಾಧೆ ಹೆಚ್ಚಾಗಿದ್ದು ಬಾಧಿತನಿಗೆ ಬೇರೆ ದಾರಿಯಿಲ್ಲದಿದ್ದರೆ ಹಳೆಯ ಆವೃತ್ತಿಯಲ್ಲಿ ಕೂಡಲೇ ತಿದ್ದಬೇಕು, ಅದೊಂದನ್ನೇ ತಿದ್ದಬೇಕು. ಬಾಧೆ ಅಲ್ಪವಾಗಿದ್ದು ತಿದ್ದುಪಡಿ ನಿರಪಾಯವಾಗಿದ್ದರೆ ಅದನ್ನು ಪರೀಕ್ಷಿಸಿ ಸಿದ್ಧವಾಗಿಟ್ಟುಕೊಂಡು, ಅದೇ ಪ್ಯಾಕೇಜಿಗೆ ಮುಖ್ಯವಾದ ಇನ್ನೊಂದು ತಿದ್ದುಪಡಿ ಬಂದಾಗ ಜೊತೆಗೆ ಕಳುಹಿಸಬೇಕು. ಉಬುಂಟುವಿನಲ್ಲಿ ಅಲ್ಪ ಮಹತ್ತ್ವದ ತಿದ್ದುಪಡಿಗಳನ್ನು ಹೀಗೆ ತಡೆದಿರಿಸುವ ಪದ್ಧತಿಯೇ ಇದೆ. ನಾನು ಮಾಡಿದಂತೆ ಪರೀಕ್ಷೆಯಿಲ್ಲದೆ ಕೊನೆಯ ಗಳಿಗೆಯಲ್ಲಿ ತುರುಕುವುದಕ್ಕೂ, ಮೊದಲೇ ಪರೀಕ್ಷಿಸಿ ಕಾಯ್ದಿರಿಸಿದ್ದನ್ನು ಸೇರಿಸುವುದಕ್ಕೂ ಬಹಳ ಅಂತರವಿದೆ. ಇನ್ನು, ಬಾಧೆ ಕೇವಲ ಕಣ್ಣಿನದಾಗಿದ್ದು ತಿದ್ದುಪಡಿಯ ಭಾರವೇ ಮಿಗಿಲಾಗಿದ್ದರೆ ಹೊಸ ಆವೃತ್ತಿಯಲ್ಲಿ ಮಾತ್ರ ತಿದ್ದಿ ಹಳೆಯದನ್ನು ಇದ್ದಂತೆಯೇ ಬಿಡಬೇಕು.

ಮೂರು ನಿರ್ಣಯಗಳಿಗೂ ಅನ್ವಯಿಸುವ ವಿಧಿಯೊಂದು ಉಳಿಯಿತು. ತಿದ್ದಿದರೆ ಏಕೆ ತಿದ್ದಿದೆವೆಂಬುದನ್ನೂ ಬಿಟ್ಟರೆ ಏಕೆ ಬಿಟ್ಟೆವೆಂಬುದನ್ನೂ ಸಾಮಾನ್ಯ ಬಳಕೆದಾರನಿಗೆ ಅರ್ಥವಾಗುವ ಮಾತಿನಲ್ಲಿ, ಅವನ ಕೈಗೆಟಕುವ ಕಡೆಯಲ್ಲಿ ಬರೆದಿಡಬೇಕು. ಪುಸ್ತಕದೊಂದಿಗೆ ಒಪ್ಪೋಲೆ ಹೋಗುವಂತೆ, ಪೆನ್‌ಡ್ರೈವಿನಲ್ಲಿ ಪ್ಯಾಕೇಜು ಸಾಗುವಾಗ ತಿಳಿದಿರುವ ದೋಷಗಳ ಪಟ್ಟಿಯೂ ಅದರೊಂದಿಗೇ ಸಾಗಬೇಕು. ಅಂಥ ಅರ್ಧಪುಟದ ಪಟ್ಟಿಯೊಂದು ಆ ಶಾಲೆಗೆ ತಲುಪಿದ್ದರೆ ಮಕ್ಕಳ ಕೆಲಸ ಉಳಿಯುತ್ತಿತ್ತು.

೮. ಉಪಸಂಹಾರ

ದೋಷದ ಗಾತ್ರವನ್ನು ತಿದ್ದುವವನ ಕಡೆಯಿಂದ ಅಳೆಯುವ ಅಭ್ಯಾಸ ನಮ್ಮಲ್ಲಿ ಬೇರೂರಿದೆ. ತಿದ್ದಲು ಒಂದು ಸಾಲು ಸಾಕಾದರೆ ಅದನ್ನು ಸಣ್ಣದೆನ್ನುತ್ತೇವೆ. ಸರಿಯಾದ ಅಳತೆ ಬಳಸುವವನ ಕಡೆಯಿಂದ ಆರಂಭವಾಗಬೇಕು; ಅದರಲ್ಲಿಯೂ ನಮಗೆ ವರದಿ ಬರೆಯಲಾರದಷ್ಟು ದೂರದಲ್ಲಿರುವವನ ಕಡೆಯಿಂದ. ಅದೇ ನ್ಯಾಯದಂತೆ, ತಿದ್ದುಪಡಿಯ ಗಾತ್ರವನ್ನೂ ಅದನ್ನು ಅಪೇಕ್ಷಿಸದೆಯೇ ಹೊರಬೇಕಾದವನ ಕಡೆಯಿಂದ ನೋಡಬೇಕು. ಈ ಎರಡನ್ನೂ ತೂಗಿ ನೋಡುವುದೇ ಪಾಲಕನ ಕರ್ತವ್ಯವೆಂದು ನನ್ನ ತಿಳಿವಳಿಕೆ.

ಗಣಕ ಕೊಠಡಿಗಳ ಹೊಣೆ ಹೊತ್ತ ಅಧ್ಯಾಪಕ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ. ತಮ್ಮ ಯಂತ್ರಗಳಲ್ಲಿ ಯಾವ ಆವೃತ್ತಿಯಿದೆ, ಅದಕ್ಕೆ ಎಂದಿನವರೆಗೆ ಬೆಂಬಲವಿದೆ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಮಕ್ಕಳ ಕೆಲಸದ ಪ್ರತಿಯನ್ನು ಬೇರೊಂದು ಕಡೆಯಲ್ಲಿಯೂ ಕಾಪಾಡಿ. ಪರಿಷ್ಕರಣವನ್ನು ಮೊದಲು ಒಂದೇ ಯಂತ್ರದಲ್ಲಿ ನಡೆಸಿ, ಒಂದೆರಡು ದಿನ ನೋಡಿ, ಅನಂತರ ಉಳಿದವುಗಳಿಗೆ ಕೊಡಿ. ದೋಷ ಕಂಡರೆ ಎಷ್ಟೇ ಸಣ್ಣದಾಗಿ ತೋರಿದರೂ ಸಂಕೋಚಪಡದೆ ವರದಿಮಾಡಿ. ಆ ವರದಿ ಬಾರದಿದ್ದರೆ ತಮ್ಮಂಥ ಬಳಕೆದಾರರಿದ್ದಾರೆಂಬ ಸಂಗತಿಯೇ ನಿರ್ಣಯಿಸುವವರಿಗೆ ತಿಳಿಯುವುದಿಲ್ಲ. ಯಂತ್ರಗಳನ್ನು ದಾನವೀಯುವ ಮಹನೀಯರೂ ಯಂತ್ರದೊಂದಿಗೆ ಅದರ ಆವೃತ್ತಿಯ ಆಯುಷ್ಯವೆಷ್ಟೆಂಬುದನ್ನು ವಿಚಾರಿಸಿ ಕೊಟ್ಟರೆ ಅವರ ದಾನ ಹೆಚ್ಚುಕಾಲ ಫಲಕಾರಿಯಾಗುತ್ತದೆ.

ಆ ಉಪಾಧ್ಯಾಯರ ಪ್ರಶ್ನೆಗೆ ನನ್ನಲ್ಲಿ ಇಂದಿಗೂ ತಕ್ಕ ಉತ್ತರವಿಲ್ಲ. ಆದರೆ ಯಾವುದೇ ದೋಷದ ಮುಂದೆ ‘ಅಲ್ಪ’ ಎಂದು ಬರೆಯುವ ಮುನ್ನ ಆ ಪ್ರಶ್ನೆಯನ್ನು ಒಮ್ಮೆ ನೆನೆದು, ಬರಿಯ ಸ್ಥಾಪನೆಯ ಹಳೆಯ ಯಂತ್ರವೊಂದರಲ್ಲಿ ಪ್ಯಾಕೇಜನ್ನು ನಡೆಸಿ ನೋಡುವುದು ನನ್ನ ರೂಢಿಯಾಗಿದೆ. ಆ ಯಂತ್ರವನ್ನು ಅದಕ್ಕಾಗಿಯೇ ನನ್ನ ಮೇಜಿನ ಬದಿಯಲ್ಲಿ ಇರಿಸಿಕೊಂಡಿದ್ದೇನೆ.